ತಿಂಗಳಿಗೊಂದು ಥರ ಫೋನ್ ಬಳಸುವವರಿಗೆ ಯಾವ ಪ್ಲಾನ್? ಪದೇ ಪದೇ ಕೇಳುವ ಪ್ರಶ್ನೆಗಳು

ಕೆಲವರ ಫೋನ್ ಬಳಕೆ ಪ್ರತಿ ತಿಂಗಳೂ ಹೆಚ್ಚುಕಮ್ಮಿ ಒಂದೇ. ಅವರಿಗೆ ಪ್ಲಾನ್ ಆರಿಸುವುದು ಕಷ್ಟವಲ್ಲ. ಕಷ್ಟ ಇರುವುದು ಒಂದು ತಿಂಗಳು ಮನೆಯ ವೈಫೈ ಬಿಟ್ಟು ಕದಲದೆ, ಮುಂದಿನ ತಿಂಗಳು ಪೂರ್ತಿ ಪ್ರಯಾಣದಲ್ಲಿರುವವರಿಗೆ. ಈ ಪ್ರಶ್ನೆಗಳು ಅಂಥವರದ್ದು.

ನನ್ನ ಬಳಕೆ ತುಂಬಾ ಏರಿಳಿಯುತ್ತದೆ. ಮೊದಲು ಏನು ಮಾಡಲಿ?

ಪ್ಲಾನ್‌ಗಳ ಪಟ್ಟಿ ತೆರೆಯಬೇಡಿ. ಮೊದಲು ನಿಮ್ಮ ಹಿಂದಿನ 12 ತಿಂಗಳ ಬಳಕೆಯನ್ನು ಒಂದು ಹಾಳೆಯಲ್ಲಿ ಬರೆದುಕೊಳ್ಳಿ. ಡೇಟಾ ಎಷ್ಟು ಜಿಬಿ, ಕರೆ ಎಷ್ಟು ನಿಮಿಷ, ಅಷ್ಟೇ. ಹಳೆಯ ಬಿಲ್ಲುಗಳಲ್ಲಿ, ಕಂಪನಿಯ ಆ್ಯಪ್‌ನಲ್ಲಿ ಈ ಲೆಕ್ಕ ಸಿಗುತ್ತದೆ. ಪೂರ್ತಿ ವರ್ಷದ್ದು ಸಿಗದಿದ್ದರೆ ಸಿಕ್ಕಷ್ಟು ತಿಂಗಳದ್ದು ಬರೆಯಿರಿ. ಪಕ್ಕದಲ್ಲಿ ಆ ತಿಂಗಳು ಏನಾಗಿತ್ತು ಅಂತ ಒಂದು ಪದ ಹಾಕಿ: ಮದುವೆ, ಪ್ರವಾಸ, ವೈಫೈ ಕೆಟ್ಟಿತ್ತು, ಹೀಗೆ. ಬರೀ ಅಂಕಿಗಿಂತ ಈ ಪದ ಮುಂದೆ ಜಾಸ್ತಿ ಉಪಯೋಗಕ್ಕೆ ಬರುತ್ತದೆ. ವೈಫೈ ಕೆಟ್ಟ ತಿಂಗಳು ಮತ್ತೆ ಬರಬೇಕಿಲ್ಲ. ಪ್ರತಿ ವರ್ಷದ ಪ್ರವಾಸ ಮಾತ್ರ ಬಂದೇ ಬರುತ್ತದೆ.

ಸರಾಸರಿ ತೆಗೆದರೆ ಸಾಕಲ್ವಾ?

ಸಾಲದು. ಏರಿಳಿತ ಇರುವವರಿಗೆ ಸರಾಸರಿ ದಾರಿ ತಪ್ಪಿಸುತ್ತದೆ. ಒಂದು ಉದಾಹರಣೆ ನೋಡೋಣ. ಒಬ್ಬರ 12 ತಿಂಗಳ ಡೇಟಾ ಬಳಕೆ ಜಿಬಿ ಲೆಕ್ಕದಲ್ಲಿ ಹೀಗಿದೆ ಅಂದುಕೊಳ್ಳಿ: 6, 7, 5, 8, 6, 9, 28, 7, 6, 31, 8, 7.

ಒಟ್ಟು 128 ಜಿಬಿ. ಸರಾಸರಿ ಸುಮಾರು 10.7. ಆದರೆ ಈ ವ್ಯಕ್ತಿ ಯಾವ ತಿಂಗಳಲ್ಲೂ 10.7ರ ಹತ್ತಿರ ಬಳಸಿಯೇ ಇಲ್ಲ! ಹತ್ತು ತಿಂಗಳು 9 ಜಿಬಿ ಅಥವಾ ಅದಕ್ಕಿಂತ ಕಡಿಮೆ, ಎರಡು ತಿಂಗಳು ಅದರ ಮೂರು ಪಟ್ಟು. ಎರಡು ದೊಡ್ಡ ತಿಂಗಳು ಸೇರಿ ಸರಾಸರಿಯನ್ನು ಮೇಲಕ್ಕೆ ಎಳೆದಿವೆ. ಅಂಕಿಗಳನ್ನು ಚಿಕ್ಕದರಿಂದ ದೊಡ್ಡದಕ್ಕೆ ಜೋಡಿಸಿ ನಡುವಿನದನ್ನು ನೋಡಿದರೆ ಸಿಗುವುದು 7. ಇವರ ಮಾಮೂಲಿ ತಿಂಗಳು ಅಂದರೆ ಅದು. ಪ್ಲಾನ್ ಹುಡುಕಾಟ ಶುರುವಾಗಬೇಕಾದದ್ದು ಈ 7ರಿಂದ.

ಸರಿ, ಹಣದ ಲೆಕ್ಕ ಹೇಗೆ ಹಾಕಲಿ?

ತಿಂಗಳ ಬೆಲೆ ಬಿಟ್ಟು ಇಡೀ ವರ್ಷದ ಖರ್ಚು ಹಾಕಿ. ನಾನು ಎಲ್ಲರಿಗೂ ಮೊದಲು ಹೇಳುವ ಮಾತು ಇದೇ. ಮೇಲಿನ ವ್ಯಕ್ತಿಯನ್ನೇ ಇಟ್ಟುಕೊಳ್ಳೋಣ. ಸಣ್ಣ ಪ್ಲಾನ್‌ನಲ್ಲಿ 10 ಜಿಬಿ, ಅದರ ಬೆಲೆಯನ್ನು 100 ಅಂತ ಇಟ್ಟುಕೊಳ್ಳಿ. ಮಧ್ಯದ್ದು 20 ಜಿಬಿ, ಬೆಲೆ 130. ದೊಡ್ಡದು 40 ಜಿಬಿ, ಬೆಲೆ 180. ಡೇಟಾ ಮುಗಿದರೆ 5 ಜಿಬಿಯ ಟಾಪ್‌ಅಪ್‌ಗೆ 25.

ದೊಡ್ಡ ಪ್ಲಾನ್ ಹಾಕಿಸಿಕೊಂಡರೆ ವರ್ಷಕ್ಕೆ 2160. ಟಾಪ್‌ಅಪ್ ಬೇಕಾಗುವುದೇ ಇಲ್ಲ. ಮಧ್ಯದ್ದರಲ್ಲಿ 1560, ಜೊತೆಗೆ ಎರಡು ದೊಡ್ಡ ತಿಂಗಳಿಗೆ ಐದು ಟಾಪ್‌ಅಪ್, ಒಟ್ಟು 1685. ಸಣ್ಣದರಲ್ಲಿ 1200. 28 ಜಿಬಿಯ ತಿಂಗಳಿಗೆ ನಾಲ್ಕು ಟಾಪ್‌ಅಪ್, 31 ಜಿಬಿಯ ತಿಂಗಳಿಗೆ ಐದು. ಒಂಬತ್ತಕ್ಕೆ 225. ಒಟ್ಟು 1425.

ಒಂಬತ್ತು ಸಲ ಟಾಪ್‌ಅಪ್ ಅಂದಾಗ ಮನಸ್ಸಿಗೆ ದುಬಾರಿ ಅನಿಸುತ್ತದೆ. ಲೆಕ್ಕ ಬೇರೆಯೇ ಹೇಳುತ್ತದೆ. ಸಣ್ಣದಕ್ಕೂ ದೊಡ್ಡದಕ್ಕೂ ವರ್ಷಕ್ಕೆ 960ರ ವ್ಯತ್ಯಾಸ. ಅದನ್ನು 25ರಿಂದ ಭಾಗಿಸಿದರೆ 38.4. ಅಂದರೆ ವರ್ಷಕ್ಕೆ 38 ಟಾಪ್‌ಅಪ್ ಹಾಕಿಸಿದರೂ ಸಣ್ಣ ಪ್ಲಾನೇ ಅಗ್ಗ. ನಿಮ್ಮ ಪ್ಲಾನ್‌ಗಳ ನಿಜವಾದ ಬೆಲೆ ಹಾಕಿ ಈ ಒಂದು ಭಾಗಾಕಾರ ಮಾಡಿ ನೋಡಿ. ಟಾಪ್‌ಅಪ್ ತೀರಾ ದುಬಾರಿ ಇರುವ ಕಡೆ ಉತ್ತರ ತಿರುಗಿಬೀಳಬಹುದು. ಅದಕ್ಕೇ ಟಾಪ್‌ಅಪ್ ಬೆಲೆಯನ್ನು ಮೊದಲೇ ಕೇಳಿ ತಿಳಿದುಕೊಳ್ಳಬೇಕು. ಜಾಹೀರಾತಿನಲ್ಲಿ ಅದು ಸಣ್ಣ ಅಕ್ಷರದಲ್ಲಿರುತ್ತದೆ.

ದುಡ್ಡು ಸ್ವಲ್ಪ ಜಾಸ್ತಿಯಾದರೂ ದೊಡ್ಡ ಪ್ಲಾನ್ ಇದ್ದರೆ ನೆಮ್ಮದಿ ಅಲ್ವಾ?

ನೆಮ್ಮದಿಗೆ ಬೆಲೆ ಇದೆ, ಅದನ್ನು ನಾನು ಅಲ್ಲಗಳೆಯುವುದಿಲ್ಲ. ಬಳಸಿದಷ್ಟಕ್ಕೆ ಕೊಡುವುದು ಅಗ್ಗವಾದರೂ ಜನ ಒಂದೇ ಮೊತ್ತದ ಪ್ಲಾನ್ ಬಯಸುತ್ತಾರೆ ಅನ್ನುವುದು ಅರ್ಥಶಾಸ್ತ್ರದವರು ಎಷ್ಟೋ ಕಾಲದಿಂದ ಗಮನಿಸಿರುವ ಸಂಗತಿ. ಟ್ಯಾಕ್ಸಿಯಲ್ಲಿ ಕೂತಾಗ ಮೀಟರ್ ಓಡುವುದನ್ನೇ ನೋಡುತ್ತಾ ಪ್ರಯಾಣದ ಖುಷಿ ಹೋಗುತ್ತದಲ್ಲ, ಅದೇ ಥರ. ಆದರೆ ಆ ನೆಮ್ಮದಿಗೆ ಎಷ್ಟು ಕೊಡುತ್ತಿದ್ದೇವೆ ಅಂತ ಗೊತ್ತಿರಬೇಕು. ಮೇಲಿನ ಉದಾಹರಣೆಯಲ್ಲಿ ಅದು ವರ್ಷಕ್ಕೆ 735, ಸಣ್ಣ ಪ್ಲಾನ್‌ನ ಏಳು ತಿಂಗಳಿಗೂ ಮೀರಿದ ಖರ್ಚು.

ಒಮ್ಮೆ ಮನೆಯವರೊಬ್ಬರು ಆಸ್ಪತ್ರೆಯಲ್ಲಿದ್ದಾಗ ಎರಡು ವಾರ ನಾನು ಅವರ ಹಾಸಿಗೆ ಪಕ್ಕದಲ್ಲೇ ಇದ್ದೆ. ಕೆಲಸ ನಿಲ್ಲಿಸುವಂತಿರಲಿಲ್ಲ. ಫೋನಿನ ಹಾಟ್‌ಸ್ಪಾಟ್‌ಗೆ ಲ್ಯಾಪ್‌ಟಾಪ್ ಜೋಡಿಸಿಕೊಂಡೆ. ಆ ತಿಂಗಳ ಬಿಲ್ ನೋಡಿ ಗಾಬರಿಯಾಗಿ ಮರುದಿನವೇ ದೊಡ್ಡ ಪ್ಲಾನ್‌ಗೆ ಹೋದೆ. ಏಳು ತಿಂಗಳು ಹಾಗೇ ಕಟ್ಟಿದೆ, ಅದರ ಕಾಲು ಭಾಗವನ್ನೂ ಬಳಸಲಿಲ್ಲ. ಒಂದು ಕೆಟ್ಟ ತಿಂಗಳಿಗೆ ಆದ ಹೆಚ್ಚುವರಿ ಖರ್ಚಿಗಿಂತ ಆಮೇಲಿನ ಹೆದರಿಕೆಗೆ ಕಟ್ಟಿದ್ದೇ ಜಾಸ್ತಿ. ದೊಡ್ಡ ಬಿಲ್ ಬಂದ ವಾರದಲ್ಲಿ ಪ್ಲಾನ್ ಬದಲಿಸಬೇಡಿ. ಎರಡು ತಿಂಗಳು ಕಾದು ನೋಡಿ.

ಉಳಿದ ಡೇಟಾ ಮುಂದಿನ ತಿಂಗಳಿಗೆ ಹೋಗುವ ಪ್ಲಾನ್ ನನ್ನಂಥವರಿಗೆ ಸರಿಯಾ?

ಹೌದು, ಏರಿಳಿತ ಇರುವವರಿಗೇ ಹೇಳಿ ಮಾಡಿಸಿದ್ದು. ಇದನ್ನು ರೋಲ್‌ಓವರ್ ಅನ್ನುತ್ತಾರೆ. ಆದರೆ ಎಲ್ಲ ರೋಲ್‌ಓವರ್ ಒಂದೇ ಅಲ್ಲ. ಎರಡು ವಿಷಯ ಕೇಳಲೇಬೇಕು: ಉಳಿದದ್ದು ಎಷ್ಟು ತಿಂಗಳು ಬದುಕಿರುತ್ತದೆ? ಮೊದಲು ಖರ್ಚಾಗುವುದು ಹಳೆಯದೋ, ಹೊಸದೋ?

ಎರಡನೆಯದನ್ನು ಯಾರೂ ಕೇಳುವುದಿಲ್ಲ. ಅದೇ ಉದಾಹರಣೆಯಲ್ಲಿ, ಅದೇ 10 ಜಿಬಿ ಪ್ಲಾನ್‌ನಲ್ಲಿ ಉಳಿದದ್ದು ಒಂದು ತಿಂಗಳು ಮಾತ್ರ ಉಳಿಯುತ್ತದೆ ಅಂದುಕೊಳ್ಳಿ. ಮೊದಲು ಈ ತಿಂಗಳದ್ದು ಖರ್ಚಾಗಿ ಆಮೇಲೆ ಹಳೆಯದನ್ನು ಮುಟ್ಟಿದರೆ, 28 ಜಿಬಿಯ ತಿಂಗಳಿಗೆ ಹಿಂದಿನ ತಿಂಗಳಿಂದ ಬರುವುದು ಒಂದೇ ಜಿಬಿ. ವರ್ಷಕ್ಕೆ ಎಂಟು ಟಾಪ್‌ಅಪ್ ಬೇಕಾಗುತ್ತದೆ. ಒಟ್ಟು 1400. ರೋಲ್‌ಓವರ್ ಇದ್ದೂ ಇಲ್ಲದಂತೆ.

ಮೊದಲು ಹಳೆಯದು ಖರ್ಚಾದರೆ? ಸಣ್ಣ ತಿಂಗಳುಗಳಲ್ಲಿ ಹಳೆಯ ಡೇಟಾದಲ್ಲೇ ಕಾಲ ಹಾಕಬಹುದು, ಹೊಸ 10 ಜಿಬಿ ಪೂರ್ತಿ ಹಾಗೇ ಮುಂದಕ್ಕೆ ಹೋಗುತ್ತದೆ. 28 ಜಿಬಿಯ ತಿಂಗಳು ಬಂದಾಗ ಕೈಯಲ್ಲಿ 20 ಇರುತ್ತದೆ. ವರ್ಷಕ್ಕೆ ಐದೇ ಟಾಪ್‌ಅಪ್. ಒಟ್ಟು 1325. ಬೆಲೆ ಅದೇ, ಜಿಬಿ ಅದೇ, ನಿಯಮದ ಒಂದು ಸಾಲು ಮಾತ್ರ ಬೇರೆ.

ಉಳಿದದ್ದು ಎಷ್ಟು ತಿಂಗಳಾದರೂ ಕೂಡಿಕೊಳ್ಳುತ್ತಾ ಹೋಗುವ ಪ್ಲಾನ್ ಸಿಕ್ಕರೆ ಇನ್ನೂ ಒಳ್ಳೆಯದು. ಆಗ ಖರ್ಚು 1275. ಹಾಗೆ ಕೂಡಿಸುವ ಪ್ಲಾನ್‌ಗಳಲ್ಲಿ ಒಂದು ಮೇಲ್ಮಿತಿ ಇರಬಹುದು, ಅದನ್ನೂ ನೋಡಿಕೊಳ್ಳಿ. ಪ್ಲಾನ್ ಬದಲಿಸಿದರೆ, ರೀಚಾರ್ಜ್ ಒಂದು ದಿನ ತಡವಾದರೆ ಕೂಡಿಟ್ಟದ್ದೆಲ್ಲ ಹೋಗುತ್ತದಾ ಅನ್ನುವುದನ್ನೂ ಕೇಳಿ.

ದಿನಕ್ಕೆ ಇಷ್ಟು ಜಿಬಿ ಅಂತ ಕೊಡುವ ಪ್ಲಾನ್ ಹೇಗೆ?

ನಿಮಗಲ್ಲ. ದಿನಕ್ಕೆ 1 ಜಿಬಿ, 28 ದಿನ ಅಂದರೆ ಲೆಕ್ಕಕ್ಕೆ 28 ಜಿಬಿ ಆಗುತ್ತದೆ. ಆದರೆ ಇವತ್ತು ಬಳಸದ್ದು ಮಧ್ಯರಾತ್ರಿಗೆ ಹೋಯಿತು. ಐದು ದಿನ ಸುಮ್ನೆ ಮನೆಯ ವೈಫೈನಲ್ಲಿದ್ದು ಆರನೇ ದಿನ ರೈಲಿನಲ್ಲಿ 4 ಜಿಬಿ ಬೇಕಾದರೆ ನಿಮಗೆ ಸಿಗುವುದು 1 ಜಿಬಿ ಮಾತ್ರ. ಏರಿಳಿತ ತಿಂಗಳುಗಳ ನಡುವೆ ಮಾತ್ರ ಅಲ್ಲ, ದಿನಗಳ ನಡುವೆಯೂ ಇರುತ್ತದೆ. ಇಡೀ ತಿಂಗಳಿಗೆ ಒಟ್ಟಿಗೆ ಸಿಗುವ 12 ಜಿಬಿ, ದಿನಕ್ಕೊಂದರಂತೆ ಸಿಗುವ 28 ಜಿಬಿಗಿಂತ ನಿಮ್ಮ ಕೆಲಸಕ್ಕೆ ಜಾಸ್ತಿ ಬರಬಹುದು. ದಿನಾ ಒಂದೇ ಹೊತ್ತಿಗೆ ಒಂದೇ ಥರ ವಿಡಿಯೊ ನೋಡುವವರಿಗೆ ಮಾತ್ರ ದಿನದ ಪ್ಲಾನ್ ಹೊಂದುತ್ತದೆ.

ಅನ್‌ಲಿಮಿಟೆಡ್ ಅಂದರೆ ನಿಜವಾಗಿ ಮಿತಿ ಇಲ್ಲವಾ?

ಬಹಳ ಸಲ ಮಿತಿ ಇರುವುದು ಡೇಟಾಕ್ಕಲ್ಲ, ವೇಗಕ್ಕೆ. ಇಷ್ಟು ಜಿಬಿ ಆದ ಮೇಲೆ ವೇಗ ಇಳಿಸುತ್ತೇವೆ ಅಂತ ನಿಯಮದಲ್ಲಿ ಬರೆದಿರುತ್ತಾರೆ. ಎಷ್ಟಕ್ಕೆ ಇಳಿಸುತ್ತಾರೆ ಅನ್ನುವ ಅಂಕಿ ಹುಡುಕಿ. 64 ಕೆಬಿಪಿಎಸ್ ಅಂತಿದ್ದರೆ ಅದರ ಅರ್ಥ ಸೆಕೆಂಡಿಗೆ 8 ಕಿಲೋಬೈಟ್. 1 ಎಂಬಿಯ ಒಂದು ಫೋಟೊ ಬರಲು ಎರಡು ನಿಮಿಷ ಬೇಕು. ಬರೀ ಅಕ್ಷರದ ಮೆಸೇಜ್ ಹೋಗುತ್ತದೆ, ಮ್ಯಾಪ್ ತೆರೆಯುವುದೂ ಕಷ್ಟ. 1 ಎಂಬಿಪಿಎಸ್‌ಗೆ ಇಳಿಸುವುದಾದರೆ ಮಾತೇ ಬೇರೆ. ಹಾಡು ಕೇಳಬಹುದು, ಕಡಿಮೆ ಗುಣಮಟ್ಟದ ವಿಡಿಯೊ ಕೂಡ ನೋಡಬಹುದು.

ಇನ್ನೊಂದು ರೀತಿಯೂ ಇದೆ. ವೇಗವನ್ನು ಇಳಿಸದೆ ನಿಮ್ಮನ್ನು ಸರದಿಯಲ್ಲಿ ಹಿಂದೆ ನಿಲ್ಲಿಸುತ್ತಾರೆ. ಟವರ್‌ನಲ್ಲಿ ಗದ್ದಲ ಇಲ್ಲದಾಗ ಏನೂ ಗೊತ್ತಾಗುವುದಿಲ್ಲ, ಜನ ತುಂಬಿದ ಕಡೆ ಮಾತ್ರ ನಿಧಾನವಾಗುತ್ತದೆ. ಇದು ಎಷ್ಟೋ ಪಾಲು ಮೇಲು. ಹಾಟ್‌ಸ್ಪಾಟ್‌ಗೆ ಬೇರೆ ಮಿತಿ ಇಟ್ಟಿರುವ ಅನ್‌ಲಿಮಿಟೆಡ್ ಪ್ಲಾನ್‌ಗಳೂ ಇವೆ. ಲ್ಯಾಪ್‌ಟಾಪ್‌ಗೆ ಜೋಡಿಸುವವರು ಅದನ್ನೇ ಮೊದಲು ನೋಡಬೇಕು.

ಪ್ರೀಪೇಯ್ಡ್ ಒಳ್ಳೆಯದಾ, ಪೋಸ್ಟ್‌ಪೇಯ್ಡ್ ಒಳ್ಳೆಯದಾ?

ನನ್ನ ಒಲವು ಪ್ರೀಪೇಯ್ಡ್ ಕಡೆಗೆ. ಡೇಟಾ ಮುಗಿದರೆ ನಿಲ್ಲುತ್ತದೆ ಅಥವಾ ನಿಧಾನವಾಗುತ್ತದೆ, ನಿಮಗೆ ಗೊತ್ತಿಲ್ಲದೆ ಹಣ ಹೋಗುವುದಿಲ್ಲ. ಪೋಸ್ಟ್‌ಪೇಯ್ಡ್‌ನಲ್ಲಿ ಮಿತಿ ದಾಟಿದ್ದು ಬಿಲ್ ಬಂದ ಮೇಲೆ ಗೊತ್ತಾಗುವ ಅಪಾಯ ಇದೆ. ಆದರೆ ನಡುರಾತ್ರಿ ಸಂಪರ್ಕ ಕಡಿದರೆ ಆಗುವುದೇ ಇಲ್ಲ ಅನ್ನುವ ಕೆಲಸ ನಿಮ್ಮದಾದರೆ ಪೋಸ್ಟ್‌ಪೇಯ್ಡ್ ಇಟ್ಟುಕೊಳ್ಳಿ. ಖರ್ಚಿಗೆ ಒಂದು ಮಿತಿ ಹಾಕಿಸುವ ಸೌಲಭ್ಯ ಇದ್ದರೆ ಮೊದಲ ದಿನವೇ ಹಾಕಿಸಿ.

28 ದಿನದ ಪ್ಲಾನ್ ಮತ್ತು ತಿಂಗಳ ಪ್ಲಾನ್, ಎರಡೂ ಒಂದೇ ತಾನೆ?

ಅಲ್ಲ. 365ನ್ನು 28ರಿಂದ ಭಾಗಿಸಿ: 13. ವರ್ಷಕ್ಕೆ 12 ಸಲ ಅಲ್ಲ, 13 ಸಲ ಕಟ್ಟುತ್ತೀರಿ. ಹೋಲಿಸುವಾಗ ಬೆಲೆಯನ್ನು ದಿನಗಳಿಂದ ಭಾಗಿಸಿ ದಿನದ ಲೆಕ್ಕಕ್ಕೆ ತನ್ನಿ.

ಡೇಟಾ ಎಲ್ಲಿ ಹೋಗುತ್ತದೆ ಅಂತಲೇ ಗೊತ್ತಾಗುವುದಿಲ್ಲ. ಯಾವುದಕ್ಕೆ ಎಷ್ಟು?

ವಿಡಿಯೊ ಒಂದೇ ಉಳಿದೆಲ್ಲವನ್ನೂ ಮೀರಿಸುತ್ತದೆ. ಸಾಧಾರಣ ಗುಣಮಟ್ಟದ ವಿಡಿಯೊಗೆ ಗಂಟೆಗೆ ಸುಮಾರು 0.7ರಿಂದ 1 ಜಿಬಿ, ಎಚ್‌ಡಿಗೆ 3 ಜಿಬಿವರೆಗೆ, 4ಕೆ ಆದರೆ 7 ಜಿಬಿವರೆಗೆ ಹೋಗಬಹುದು. ಹಾಡು ಅದರ ಮುಂದೆ ಏನೂ ಅಲ್ಲ. 96 ಕೆಬಿಪಿಎಸ್‌ನಲ್ಲಿ ಗಂಟೆಗೆ 43 ಎಂಬಿ, ಅತಿ ಉತ್ತಮ 320 ಕೆಬಿಪಿಎಸ್‌ನಲ್ಲೂ 144 ಎಂಬಿ. ಆ್ಯಪ್‌ನಲ್ಲಿ ಬರೀ ಮಾತಿನ ಕರೆಗೆ ನಿಮಿಷಕ್ಕೆ 1 ಎಂಬಿಯ ಆಸುಪಾಸು ಅಥವಾ ಅದಕ್ಕಿಂತ ಕಡಿಮೆ. ಹಾಗಾಗಿ ಸಣ್ಣ ಪ್ಲಾನ್‌ನಲ್ಲಿ ಬದುಕಲು ಎಲ್ಲವನ್ನೂ ಬಿಗಿ ಹಿಡಿಯಬೇಕಿಲ್ಲ. ಮೊಬೈಲ್ ಡೇಟಾದಲ್ಲಿ ವಿಡಿಯೊ ಗುಣಮಟ್ಟ ಇಳಿಸಿದರೆ ಸಾಕು. ಅಂಗೈ ಅಗಲದ ಪರದೆಯಲ್ಲಿ 4ಕೆ ನೋಡಿ ಏನು ಸಿಗುತ್ತದೆ?

ಇನ್ನೊಂದು ವಿಷಯ ಹಲವರಿಗೆ ತಿಳಿದಿರುವುದಿಲ್ಲ. ವಿಡಿಯೊ ಆ್ಯಪ್‌ಗಳು ಸಂಪರ್ಕದ ವೇಗ ನೋಡಿ ತಾವೇ ಗುಣಮಟ್ಟ ಏರಿಸುತ್ತವೆ. 5ಜಿಗೆ ಹೋದ ಮೇಲೆ ನೋಡುವ ಹೊತ್ತು ಅಷ್ಟೇ ಇದ್ದರೂ ಡೇಟಾ ಜಾಸ್ತಿ ಖರ್ಚಾಗುವುದು ಇದರಿಂದಲೇ.

ಕರೆಯ ನಿಮಿಷ ಮತ್ತು ಎಸ್‌ಎಂಎಸ್ ಲೆಕ್ಕದಲ್ಲಿ ಏನಾದರೂ ಗಮನಿಸಬೇಕಾ?

ಎರಡೂ ಅನ್‌ಲಿಮಿಟೆಡ್ ಇರುವ ಪ್ಲಾನ್ ಆದರೆ ಇದನ್ನು ಬಿಟ್ಟು ಮುಂದೆ ಹೋಗಿ. ಇಲ್ಲದಿದ್ದರೆ ಕರೆಯನ್ನು ಸೆಕೆಂಡಿನಲ್ಲಿ ಎಣಿಸುತ್ತಾರಾ, ನಿಮಿಷದಲ್ಲಾ ಕೇಳಿ. 20 ಸೆಕೆಂಡಿನ 40 ಕರೆ ಮಾಡಿದರೆ ಸೆಕೆಂಡಿನ ಲೆಕ್ಕದಲ್ಲಿ 13 ನಿಮಿಷ 20 ಸೆಕೆಂಡ್. ನಿಮಿಷದ ಲೆಕ್ಕದಲ್ಲಿ 40 ನಿಮಿಷ. "ಬಂದೆ", "ಹೊರಟೆ" ಅಂತ ಚಿಕ್ಕ ಕರೆ ಮಾಡುವವರಿಗೆ ಮೂರು ಪಟ್ಟು ವ್ಯತ್ಯಾಸ.

ಕನ್ನಡದಲ್ಲಿ ಎಸ್‌ಎಂಎಸ್ ಬರೆಯುವವರು ಇನ್ನೊಂದು ತಿಳಿದಿರಬೇಕು. ಇಂಗ್ಲಿಷ್ ಅಕ್ಷರದಲ್ಲಿ ಒಂದು ಮೆಸೇಜಿಗೆ 160 ಅಕ್ಷರ ಹಿಡಿಯುತ್ತದೆ. ಕನ್ನಡ ಲಿಪಿಯಲ್ಲಿ 70. ಅದರಲ್ಲೂ ಗುಣಿತ, ಒತ್ತು ಬೇರೆ ಬೇರೆ ಎಣಿಕೆಯಾಗುತ್ತವೆ. "ಪ್ರೀತಿ" ನಮ್ಮ ಕಣ್ಣಿಗೆ ಎರಡಕ್ಷರ, ಫೋನಿಗೆ ಆರು. 70 ದಾಟಿದರೆ ಎರಡು ಮೆಸೇಜಿನ ಲೆಕ್ಕ. ಹಾಗಂತ ಕನ್ನಡ ಬಿಡಬೇಡಿ, ಲೆಕ್ಕ ಮಾತ್ರ ಗೊತ್ತಿರಲಿ.

ದೊಡ್ಡ ತಿಂಗಳಿಗೆ ಮಾತ್ರ ದೊಡ್ಡ ಪ್ಲಾನ್‌ಗೆ ಹೋಗಿ ವಾಪಸ್ ಬರಬಹುದಾ?

ಬಹಳ ಕಡೆ ಬರಬಹುದು. ನಮ್ಮ ಉದಾಹರಣೆಯಲ್ಲಿ ಹತ್ತು ತಿಂಗಳು ಸಣ್ಣದು, ಎರಡು ತಿಂಗಳು ದೊಡ್ಡದು ಮಾಡಿದರೆ ವರ್ಷಕ್ಕೆ 1360. ಟಾಪ್‌ಅಪ್ ದಾರಿಗಿಂತ 65 ಕಡಿಮೆ. ಅಷ್ಟಕ್ಕಾಗಿ ವರ್ಷಕ್ಕೆ ನಾಲ್ಕು ಸಲ ಪ್ಲಾನ್ ಬದಲಿಸುವ ತಾಪತ್ರಯ ಬೇಕಾ ಅನ್ನುವುದು ನಿಮಗೆ ಬಿಟ್ಟದ್ದು. ನಾನಾದರೆ ಟಾಪ್‌ಅಪ್ ಹಾಕಿಸುತ್ತೇನೆ. ಬದಲಿಸುವುದೇ ಆದರೆ ಒಂದು ಎಚ್ಚರ: ಹಳೆಯ ಪ್ಲಾನ್ ಹೊಸ ಗಿರಾಕಿಗಳಿಗೆ ನಿಂತುಹೋಗಿದ್ದರೆ ಒಮ್ಮೆ ಬಿಟ್ಟವರಿಗೆ ಅದು ಮತ್ತೆ ಸಿಗದಿರಬಹುದು.

ಎರಡನೇ ಸಿಮ್ ಇಟ್ಟುಕೊಂಡರೆ?

ಒಳ್ಳೆಯ ದಾರಿ. ಒಂದು ಸಿಮ್ ನಿಮ್ಮ ನಂಬರಿಗೆ, ಅತಿ ಅಗ್ಗದ ಪ್ಲಾನ್‌ನಲ್ಲಿ. ಇನ್ನೊಂದು ಬೇಕಾದ ತಿಂಗಳು ಮಾತ್ರ ಡೇಟಾಗೆ. ಇ-ಸಿಮ್ (ಕಾರ್ಡ್ ಹಾಕದೆ ಫೋನಿನೊಳಗೇ ಇರುವ ಸಿಮ್) ಹಿಡಿಯುವ ಫೋನ್ ಆದರೆ ಅಂಗಡಿಗೆ ಹೋಗದೆ ಇದನ್ನು ಮಾಡಿಕೊಳ್ಳಬಹುದು. ಎರಡು ವಿಷಯ ನೆನಪಿಡಿ. ತುಂಬಾ ದಿನ ರೀಚಾರ್ಜ್ ಇಲ್ಲದ ಸಿಮ್ ಬಂದ್ ಆಗಬಹುದು, ಆದ್ದರಿಂದ ಬ್ಯಾಂಕಿಗೆ ಕೊಟ್ಟ ನಂಬರ್ ಯಾವಾಗಲೂ ಮೊದಲ ಸಿಮ್‌ನದ್ದೇ ಇರಲಿ. ಒಂದರ ಸಿಗ್ನಲ್ ಕಡಿಮೆಯಾದಾಗ ಡೇಟಾವನ್ನು ತಾನೇ ಇನ್ನೊಂದಕ್ಕೆ ಬದಲಿಸುವ ಸೆಟ್ಟಿಂಗ್ ಕೆಲವು ಫೋನ್‌ಗಳಲ್ಲಿದೆ, ಅದನ್ನು ಆಫ್ ಮಾಡಿ.

ಮನೆಯವರೆಲ್ಲ ಸೇರಿ ಒಂದೇ ಪ್ಲಾನ್ ಹಂಚಿಕೊಳ್ಳುವುದು?

ನಿಮ್ಮ ದೊಡ್ಡ ತಿಂಗಳು ಬೇರೆಯವರ ಸಣ್ಣ ತಿಂಗಳಾಗಿದ್ದರೆ ಬಹಳ ಲಾಭ, ಏರಿಳಿತ ಒಂದಕ್ಕೊಂದು ಸರಿಹೋಗುತ್ತದೆ. ಎಲ್ಲರೂ ಒಟ್ಟಿಗೇ ರಜೆಗೆ ಹೋಗುವ ಮನೆಯಾದರೆ ಎಲ್ಲರಿಗೂ ಅದೇ ತಿಂಗಳು ಕೊರತೆ.

ನನ್ನ ಫೋನ್ ತೋರಿಸುವ ಜಿಬಿಗೂ ಕಂಪನಿ ಹೇಳುವ ಜಿಬಿಗೂ ಹೊಂದುವುದೇ ಇಲ್ಲ. ಯಾಕೆ?

ಮೊದಲ ಕಾರಣ ತಾರೀಕು. ಆ್ಯಂಡ್ರಾಯ್ಡ್‌ನಲ್ಲಿ ಡೇಟಾ ಎಣಿಕೆ ಯಾವ ದಿನದಿಂದ ಶುರುವಾಗಬೇಕು ಅಂತ ನೀವೇ ಇಡಬೇಕು, ಬಿಲ್ ಶುರುವಾಗುವ ದಿನವನ್ನೇ ಅಲ್ಲಿ ಹಾಕಿ. ಅಲ್ಲೇ ಎಚ್ಚರಿಕೆಯ ಮಿತಿ, ಪೂರ್ತಿ ನಿಲ್ಲಿಸುವ ಮಿತಿ ಎರಡನ್ನೂ ಇಡಬಹುದು. ಐಫೋನ್‌ನ ಎಣಿಕೆ ನೀವು ರೀಸೆಟ್ ಮಾಡುವವರೆಗೆ ಕೂಡುತ್ತಲೇ ಹೋಗಬಹುದು. ಎರಡನೇ ಕಾರಣ ಜಿಬಿಯ ಅಳತೆ. ಕೆಲವರು ಸಾವಿರದ ಲೆಕ್ಕ, ಕೆಲವರು 1024ರ ಲೆಕ್ಕ ಹಿಡಿಯುತ್ತಾರೆ. ಜಿಬಿಗೆ ಬರುವ ಹೊತ್ತಿಗೆ ವ್ಯತ್ಯಾಸ ಸುಮಾರು ಶೇಕಡಾ 7 ಆಗುತ್ತದೆ. ಬಿಲ್ ಬರುವುದು ಕಂಪನಿಯ ಲೆಕ್ಕದಲ್ಲಿ, ಅದನ್ನೇ ನಂಬಿ ನಡೆಯಿರಿ.

ನನಗೆ ಹಳೆಯ ಲೆಕ್ಕವೇ ಇಲ್ಲ. ಹೊಸದಾಗಿ ಶುರು ಮಾಡುತ್ತಿದ್ದೇನೆ.

ವರ್ಷದ ಒಪ್ಪಂದ ಇಲ್ಲದ ಸಣ್ಣ ಪ್ಲಾನ್ ತೆಗೆದುಕೊಂಡು ಮೂರು ತಿಂಗಳು ಬಳಸಿ. ಒಂದೆರಡು ಟಾಪ್‌ಅಪ್ ಬಿದ್ದರೆ ಬೀಳಲಿ. ಸಣ್ಣದರಿಂದ ಶುರು ಮಾಡಿದರೆ ಎಲ್ಲಿ ಸಾಲುವುದಿಲ್ಲ ಅಂತ ಗೊತ್ತಾಗುತ್ತದೆ. ದೊಡ್ಡದರಿಂದ ಶುರು ಮಾಡಿದರೆ ಬಳಕೆಯೇ ಪ್ಲಾನ್‌ಗೆ ತಕ್ಕಂತೆ ಬೆಳೆದುಬಿಡುತ್ತದೆ, ನಿಜವಾಗಿ ಎಷ್ಟು ಬೇಕಿತ್ತು ಅಂತ ತಿಳಿಯುವುದೇ ಇಲ್ಲ.

ಮುಂದಿನ ತಿಂಗಳು ಜಾಸ್ತಿ ಬೇಕಾಗುತ್ತದೆ ಅಂತ ಈಗಲೇ ಗೊತ್ತು. ಏನು ತಯಾರಿ ಮಾಡಿಕೊಳ್ಳಲಿ?

ಹೊರಡುವ ಹಿಂದಿನ ರಾತ್ರಿ ವೈಫೈ ಇರುವಾಗಲೇ ಹೋಗುವ ಜಾಗದ ಮ್ಯಾಪ್ ಇಳಿಸಿಕೊಳ್ಳಿ. ನೋಡಬೇಕಾದ ವಿಡಿಯೊ, ಕೇಳಬೇಕಾದ ಹಾಡು ಕೂಡ. ಫೋಟೊ ಬ್ಯಾಕಪ್ ವೈಫೈನಲ್ಲಿ ಮಾತ್ರ ಆಗುವಂತೆ ಇಡಿ. ಪ್ರವಾಸದಲ್ಲಿ ತೆಗೆದ ವಿಡಿಯೊಗಳೆಲ್ಲ ಗೊತ್ತಿಲ್ಲದೆ ಮೇಲೆ ಹೋಗುತ್ತಾ ಕೂತರೆ ಎರಡು ದಿನದಲ್ಲಿ ತಿಂಗಳ ಡೇಟಾ ಖಾಲಿ. ಫೋನಿನ ಡೇಟಾ ಸೇವರ್ ಆನ್ ಮಾಡಿ. ವೈಫೈ ದುರ್ಬಲವಾದಾಗ ತಾನಾಗಿ ಮೊಬೈಲ್ ಡೇಟಾಕ್ಕೆ ಹಾರುವ ಸೆಟ್ಟಿಂಗ್ ಇದ್ದರೆ ಆಫ್ ಮಾಡಿ. ಹೋಟೆಲಿನ ಅರೆಬರೆ ವೈಫೈನಲ್ಲಿ ಡೇಟಾ ಸೋರುವುದು ಅಲ್ಲೇ.

ಲ್ಯಾಪ್‌ಟಾಪ್ ಜೋಡಿಸುವುದಾದರೆ ಇದೊಂದನ್ನು ಮರೆಯಬೇಡಿ. ನಿಮ್ಮ ಹಾಟ್‌ಸ್ಪಾಟ್ ಲ್ಯಾಪ್‌ಟಾಪಿನ ಕಣ್ಣಿಗೆ ಮಾಮೂಲಿ ವೈಫೈ ಥರ ಕಾಣಬಹುದು. ಹಾಗಾದರೆ ಬಾಕಿ ಇದ್ದ ಅಪ್‌ಡೇಟ್‌ಗಳನ್ನೆಲ್ಲ ಅದು ಆಗಲೇ ಇಳಿಸಿಕೊಳ್ಳಲು ಶುರು ಮಾಡುತ್ತದೆ. ಆಸ್ಪತ್ರೆಯ ಆ ಎರಡು ವಾರ ನನ್ನ ಡೇಟಾ ಹೋದದ್ದು ಬಹುಪಾಲು ಹೀಗೇ. ವಿಂಡೋಸ್‌ನಲ್ಲಿ ಆ ಸಂಪರ್ಕವನ್ನು "ಮೀಟರ್ಡ್" ಅಂತ, ಮ್ಯಾಕ್‌ನಲ್ಲಿ "ಲೋ ಡೇಟಾ ಮೋಡ್" ಅಂತ ಗುರುತಿಸಬಹುದು. ಹೊರಡುವ ಮೊದಲು ಮನೆಯಲ್ಲೇ ಒಮ್ಮೆ ಹಾಟ್‌ಸ್ಪಾಟ್ ಜೋಡಿಸಿ ಇದನ್ನು ಮಾಡಿಟ್ಟುಕೊಳ್ಳಿ, ಎರಡು ನಿಮಿಷದ ಕೆಲಸ.